ಎರಡು ಔನ್ಸ್ ಮಣ್ಣು

ಅಂಗಳದ ತುಳಸಿಕಟ್ಟೆಯನ್ನು ಒಮ್ಮೆ ಗಮನವಿಟ್ಟು ನೋಡಿ. ಹತ್ತು ಹನ್ನೆರಡು ವರ್ಷಗಳ ಹಿಂದೆ ಅದರೊಳಗೆ ತುಂಬಿದ ಮಣ್ಣು ಇಂದಿಗೂ ಹೆಚ್ಚುಕಡಿಮೆ ಅಷ್ಟೇ ಇದೆ. ಈ ನಡುವೆ ಎಷ್ಟು ತುಳಸಿ ಬೆಳೆದವು, ಎಷ್ಟು ದಳಗಳು ಪೂಜೆಗೆ ಸಂದವು, ಎಷ್ಟು ಕಡ್ಡಿಗಳು ಒಣಗಿ ಉದುರಿದವು! ಗಿಡ ಮಣ್ಣಿನಲ್ಲಿ ಹುಟ್ಟುತ್ತದೆ, ಮಣ್ಣನ್ನೇ ಉಂಡು ಬೆಳೆಯುತ್ತದೆ ಎಂದು ನಾವು ಸಹಜವಾಗಿ ನಂಬಿರುತ್ತೇವೆ. ಆ ನಂಬಿಕೆ ಪೂರ್ತಿ ನಿಜವಾಗಿದ್ದರೆ ಊರ ಮುಂದಿನ ಆಲದ ಮರದ ಬುಡದಲ್ಲಿ ಆ ಮರದಷ್ಟೇ ದೊಡ್ಡದೊಂದು ಹೊಂಡ ಇರಬೇಕಾಗಿತ್ತು. ಅಂಥ ಹೊಂಡವನ್ನು ಯಾರೂ ಕಂಡಿಲ್ಲ. ಹಾಗಾದರೆ ಮರ ಎಲ್ಲಿಂದ ಬಂತು?

ಈ ಪ್ರಶ್ನೆಯನ್ನು ತಕ್ಕಡಿಯ ಮುಂದಿಟ್ಟು ಉತ್ತರ ಕೇಳಿದವನು ಬ್ರಸೆಲ್ಸ್ ನಗರದ ವೈದ್ಯ ವಾನ್ ಹೆಲ್ಮಾಂಟ್. ಅವನು ಒಲೆಯಲ್ಲಿ ಒಣಗಿಸಿದ 200 ಪೌಂಡು ಮಣ್ಣನ್ನು ಒಂದು ಕುಂಡದಲ್ಲಿ ತುಂಬಿ, 5 ಪೌಂಡು ತೂಗುವ ವಿಲೋ ಮರದ ಸಸಿಯನ್ನು ಅದರಲ್ಲಿ ನೆಟ್ಟ. ಧೂಳು ಬೀಳದಂತೆ ಕುಂಡದ ಬಾಯಿಗೆ ತೂತುಗಳಿರುವ ತಗಡು ಮುಚ್ಚಿದ. ಐದು ವರ್ಷ ನೀರನ್ನು ಮಾತ್ರ ಉಣಿಸಿದ. ಬಳಿಕ ಮರವನ್ನು ಕಿತ್ತು ತೂಗಿದರೆ ಅದು 169 ಪೌಂಡಿಗೂ ಸ್ವಲ್ಪ ಹೆಚ್ಚು ತೂಗಿತು. ಮಣ್ಣನ್ನು ಮತ್ತೆ ಒಣಗಿಸಿ ತೂಗಿದ. 200 ಪೌಂಡಿಗೆ ಕೇವಲ ಎರಡು ಔನ್ಸ್ ಕಡಿಮೆ. ನಮ್ಮ ಇಂದಿನ ಲೆಕ್ಕದಲ್ಲಿ 90 ಕಿಲೋ ಮಣ್ಣಿನಲ್ಲಿ 57 ಗ್ರಾಂ. ಅವನು ತೀರಿಕೊಂಡ ಮೇಲೆ, 1648ರಲ್ಲಿ ಈ ವೃತ್ತಾಂತ ಅಚ್ಚಾಯಿತು. ಮರವೆಲ್ಲವೂ ನೀರಿನಿಂದಲೇ ಆದದ್ದು ಎಂಬುದು ಅವನ ತೀರ್ಮಾನ.

ತೀರ್ಮಾನ ಅರ್ಧ ಸರಿ, ಅರ್ಧ ತಪ್ಪು. ಮರದ ಒಡಲಿನ ಬಹುಭಾಗ ನೀರಿನಿಂದಲೂ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡಿನಿಂದಲೂ ಆಗಿದೆಯೆಂಬುದು ಅವನ ಕಾಲದ ಬಹಳ ಕಾಲಾನಂತರ ತಿಳಿಯಿತು. ಗಾಳಿಯ ಪಾಲನ್ನು ಅವನು ಕಾಣದೆಹೋದದ್ದು ಕ್ಷಮಿಸಬಹುದಾದ ತಪ್ಪು. ಆಗ ಅದನ್ನು ಕಾಣುವ ಉಪಾಯವೇ ಇರಲಿಲ್ಲ. ಆದರೆ ತಕ್ಕಡಿ ತೋರಿಸಿದ ಆ ಎರಡು ಔನ್ಸ್? ಅದನ್ನು ಅವನು ಅಳತೆಯ ಚಿಲ್ಲರೆ ದೋಷವೆಂಬಂತೆ ಪಕ್ಕಕ್ಕೆ ಸರಿಸಿಬಿಟ್ಟ. ಇಂದಿನ ನನ್ನ ಮಾತು ಆ ಎರಡು ಔನ್ಸಿನ ಬಗೆಗೆ. ಅದಿಲ್ಲದಿದ್ದರೆ ಮರವೂ ಇಲ್ಲ, ನಾವೂ ಇಲ್ಲ.

ಎರಡು ಔನ್ಸನ್ನು ಕಣ್ಣಾರೆ ಕಾಣಲು ಪ್ರಯೋಗಶಾಲೆಗೆ ಹೋಗಬೇಕಾಗಿಲ್ಲ. ಬಚ್ಚಲೊಲೆಯ ಮುಂದೆ ಕುಳಿತರೆ ಸಾಕು. ಸೌದೆ ಉರಿದಾಗ ಗಾಳಿಯಿಂದ ಬಂದದ್ದು ಗಾಳಿಗೆ ಹೋಗುತ್ತದೆ, ನೀರಿನಿಂದ ಬಂದದ್ದು ಆವಿಯಾಗುತ್ತದೆ. ಕೊನೆಗೆ ಒಲೆಯಲ್ಲಿ ಉಳಿಯುವ ಹಿಡಿ ಬೂದಿ ಮಣ್ಣಿನಿಂದ ಬಂದದ್ದು. ಒಣ ಸೌದೆಯ ತೂಕದಲ್ಲಿ ಅದು ನೂರಕ್ಕೆ ಒಂದರಷ್ಟೋ ಅದಕ್ಕೂ ಕಡಿಮೆಯೋ ಇದ್ದೀತು; ಎಲೆಗಳಲ್ಲಿ ಇನ್ನಷ್ಟು ಹೆಚ್ಚು. ಪೊಟ್ಯಾಸಿಯಂ ಎಂಬ ಧಾತುವಿನ ಹೆಸರೇ ಬೂದಿಯಿಂದ ಬಂದದ್ದು: ಬೂದಿ ಕದಡಿದ ನೀರನ್ನು ಮಡಕೆಯಲ್ಲಿ ಬತ್ತಿಸಿ ತೆಗೆದ ಲವಣಕ್ಕೆ ಪಾಟ್‌ಆಷ್ ಎಂದರು, 1807ರಲ್ಲಿ ಹಂಫ್ರಿ ಡೇವಿ ಅದರಿಂದ ಹೊಸ ಲೋಹವೊಂದನ್ನು ಬೇರ್ಪಡಿಸಿದಾಗ ಆ ಹೆಸರನ್ನೇ ಅದಕ್ಕೆ ಇಟ್ಟ. ಒಲೆಯ ಬೂದಿಯನ್ನು ಬಾಳೆಯ ಬುಡಕ್ಕೆ ಸುರಿಯುತ್ತಿದ್ದ ನಮ್ಮ ಅಜ್ಜಿಯರಿಗೆ ಈ ಹೆಸರು ಗೊತ್ತಿರಲಿಲ್ಲ, ಗುಣ ಗೊತ್ತಿತ್ತು.

ವಾನ್ ಹೆಲ್ಮಾಂಟನ ಮಾತಿಗೆ ಎದುರುತ್ತರವೊಂದು ಬಂದದ್ದು 1699ರಲ್ಲಿ. ಇಂಗ್ಲೆಂಡಿನ ಜಾನ್ ವುಡ್‌ವರ್ಡ್ ಪುದೀನಾ ಗಿಡಗಳನ್ನು ಬೇರೆ ಬೇರೆ ನೀರಿನಲ್ಲಿ ಬೆಳೆಸಿ ನೋಡಿದ. ಮಳೆಯ ತಿಳಿನೀರಿಗಿಂತ ಥೇಮ್ಸ್ ನದಿಯ ನೀರಿನಲ್ಲಿ, ಅದಕ್ಕಿಂತಲೂ ತೋಟದ ಮಣ್ಣು ಕದಡಿದ ನೀರಿನಲ್ಲಿ ಗಿಡ ಸೊಂಪಾಗಿ ಬೆಳೆಯಿತು. ನೀರಷ್ಟೇ ಸಾಲದು, ನೀರಿನಲ್ಲಿ ಬೆರೆತ ಏನೋ ಒಂದು ಬೇಕು ಎಂದಾಯಿತು. ಆ ಏನೋ ಒಂದು ಯಾವುದು ಎಂಬುದು ಹತ್ತೊಂಬತ್ತನೆಯ ಶತಮಾನದಲ್ಲಿ ಬಿಡಿಸಿಕೊಂಡಿತು. 1860ರ ಸುಮಾರಿಗೆ ಜರ್ಮನಿಯ ಸ್ಯಾಕ್ಸ್ ಮತ್ತು ಕ್ನೊಪ್ ಎಂಬ ವಿಜ್ಞಾನಿಗಳು ಮಣ್ಣಿನ ಕಣವೂ ಇಲ್ಲದೆ, ನೀರಿಗೆ ಕೆಲವೇ ಲವಣಗಳನ್ನು ಬೆರೆಸಿ, ಬೀಜದಿಂದ ಬೀಜದವರೆಗೆ ಗಿಡ ಬೆಳೆಸಿ ತೋರಿಸಿದರು. ಇಂದು ಸಸ್ಯಕ್ಕೆ ಅನಿವಾರ್ಯವೆಂದು ಒಪ್ಪಿದ ಧಾತುಗಳು ಹದಿನೇಳು. ಅವುಗಳಲ್ಲಿ ಇಂಗಾಲ, ಜಲಜನಕ, ಆಮ್ಲಜನಕ ಗಾಳಿ ಮತ್ತು ನೀರಿನಿಂದ ಬರುತ್ತವೆ. ಉಳಿದ ಹದಿನಾಲ್ಕು ಮುಖ್ಯವಾಗಿ ಬೇರಿನ ದಾರಿಯಲ್ಲಿ ಬರಬೇಕು: ಸಾರಜನಕ, ರಂಜಕ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಗಂಧಕ ಇವು ಹೆಚ್ಚಾಗಿ, ಕಬ್ಬಿಣ, ಸತು, ತಾಮ್ರ, ಮ್ಯಾಂಗನೀಸ್, ಬೋರಾನ್, ಕ್ಲೋರಿನ್, ನಿಕ್ಕಲ್, ಮಾಲಿಬ್ಡಿನಂ ಇವು ಚಿಟಿಕೆಯಷ್ಟು.

ಚಿಟಿಕೆಯೆಂದರೆ ಎಂಥ ಚಿಟಿಕೆ! ಸಾಧಾರಣವಾಗಿ ಗಿಡದೊಳಗೆ ಒಂದು ಮಾಲಿಬ್ಡಿನಂ ಪರಮಾಣುವಿಗೆ ಹತ್ತು ಲಕ್ಷದಷ್ಟು ಸಾರಜನಕದ ಪರಮಾಣುಗಳಿರುತ್ತವೆ. ಹಾಗೆಂದು ಆ ಒಂದನ್ನು ಬಿಟ್ಟು ಗಿಡ ಬದುಕಲಾರದು. ಉಪ್ಪು ಮರೆತ ಸಾರಿಗೆ ಹುಳಿಯನ್ನೆಷ್ಟು ಹಿಂಡಿದರೂ ಉಪ್ಪಿನ ಕೊರತೆ ನೀಗದು. ಹಾಗೆಯೇ ಸತುವಿನ ಕೊರತೆಯನ್ನು ಸಾರಜನಕದಿಂದ ತುಂಬಲಾಗದು. ಯಾವುದು ತನ್ನ ಅಗತ್ಯಕ್ಕೆ ಹೋಲಿಸಿದರೆ ಎಲ್ಲಕ್ಕಿಂತ ಕಡಿಮೆಯಿದೆಯೋ ಅದೇ ಬೆಳೆಯ ಮಿತಿಯನ್ನು ಗೊತ್ತುಮಾಡುತ್ತದೆ. ಲೀಬಿಗ್ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಪ್ರಚಾರಕ್ಕೆ ತಂದ ಈ ನಿಯಮ ಇಂದಿಗೂ ಮಣ್ಣಿನ ಶಾಸ್ತ್ರದ ಮೊದಲ ಪಾಠ.

ಈ ಹದಿನಾಲ್ಕು ಮಣ್ಣಿನಲ್ಲಿ ಹೇಗಿರುತ್ತವೆ? ಮಣ್ಣು ಎಂದರೆ ಬಂಡೆ ಸವೆದ ಪುಡಿ. ಅದರ ಜೊತೆಗೆ ಸತ್ತ ಎಲೆ, ಬೇರು, ಹುಳು ಕೊಳೆತ ಕಪ್ಪು ಅಂಶ. ಲವಣಗಳು ನೀರಿನಲ್ಲಿ ಕರಗಿದಾಗ ಧನ ಅಥವಾ ಋಣ ವಿದ್ಯುದಂಶ ಹೊತ್ತ ಕಣಗಳಾಗಿ ಒಡೆಯುತ್ತವೆ. ಇವುಗಳಿಗೆ ಅಯಾನುಗಳೆಂದು ಹೆಸರು. ಜೇಡಿಮಣ್ಣಿನ ಕಣದ ಮೇಲ್ಮೈ ಋಣ ವಿದ್ಯುತ್ತಿನದು. ಆದ್ದರಿಂದ ಕ್ಯಾಲ್ಸಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂಗಳಂಥ ಧನ ಅಯಾನುಗಳನ್ನು ಅದು ತನ್ನ ಮೈಗೆ ಅಂಟಿಸಿಕೊಂಡು ಕಾಪಾಡುತ್ತದೆ. ಋಣ ಅಯಾನಾದ ನೈಟ್ರೇಟಿಗೆ ಅಲ್ಲಿ ಆಸರೆಯಿಲ್ಲ, ದೊಡ್ಡ ಮಳೆ ಬಂದರೆ ಕೊಚ್ಚಿಕೊಂಡು ಹೋಗುತ್ತದೆ. ಎರೆಮಣ್ಣು ದುಡ್ಡನ್ನು ಗಂಟುಕಟ್ಟಿ ಇಡುವ ಗೃಹಿಣಿಯಂತೆ. ಮರಳುಮಣ್ಣು ಕೈಗೆ ಬಂದದ್ದನ್ನು ಅಂದೇ ಖರ್ಚುಮಾಡುವವನಂತೆ. ಮಲೆನಾಡಿನ ಜಂಬಿಟ್ಟಿಗೆ ನೆಲ ಸಾವಿರಾರು ಮಳೆಗಾಲಗಳಲ್ಲಿ ತೊಳೆದು ತೊಳೆದು, ಕರಗದ ಕಬ್ಬಿಣ ಅಲ್ಯೂಮಿನಿಯಂಗಳನ್ನಷ್ಟೇ ಉಳಿಸಿಕೊಂಡು ಕೆಂಪಾಗಿ ನಿಂತ ನೆಲ.

ಹೀಗೆ ಮಣ್ಣಿನಲ್ಲಿ ಒಟ್ಟು ಸಂಪತ್ತು ಎಷ್ಟೇ ಇರಲಿ, ಯಾವುದೇ ಒಂದು ಗಳಿಗೆಯಲ್ಲಿ ನೀರಿನಲ್ಲಿ ಕರಗಿ ಕೈಗೆಟುಕುವಂತಿರುವುದು ಅತ್ಯಲ್ಪ. ಅದು ತಾನಾಗಿ ಗಿಡದ ಬಳಿಗೆ ನಡೆದು ಬರುವುದೂ ಅಪರೂಪ. ಗಿಡವೇ ಹುಡುಕಿಕೊಂಡು ಹೋಗಬೇಕು. ಈ ಹುಡುಕಾಟ ಎಷ್ಟು ದೊಡ್ಡದೆಂಬುದನ್ನು 1937ರಲ್ಲಿ ಅಮೆರಿಕದ ಹೊವರ್ಡ್ ಡಿಟ್ಮರ್ ಅಳೆದ. ರೈ ಎಂಬ ಧಾನ್ಯದ ಒಂದೇ ಒಂದು ಗಿಡವನ್ನು ನಾಲ್ಕು ತಿಂಗಳು ಪೆಟ್ಟಿಗೆಯಲ್ಲಿ ಬೆಳೆಸಿ, ಮಣ್ಣನ್ನು ಮೆಲ್ಲಗೆ ತೊಳೆದು, ಬೇರುಗಳ ಲೆಕ್ಕ ತೆಗೆದ. ಬೇರುಗಳನ್ನೆಲ್ಲ ಸಾಲಾಗಿ ಜೋಡಿಸಿದರೆ ಆಗುವ ಉದ್ದ ಸುಮಾರು 620 ಕಿಲೋಮೀಟರು. ಆ ಬೇರುಗಳ ಮೇಲಿನ ನವಿರಾದ ಬೇರುರೋಮಗಳ ಸಂಖ್ಯೆ ಸುಮಾರು 1,400 ಕೋಟಿ. ಅವುಗಳ ಒಟ್ಟು ಉದ್ದ ಹತ್ತು ಸಾವಿರ ಕಿಲೋಮೀಟರಿಗೂ ಹೆಚ್ಚು. ಮೊಣಕಾಲೆತ್ತರದ ಹುಲ್ಲಿನ ಜಾತಿಯ ಒಂದು ಗಿಡ ಬೆಂಗಳೂರಿನಿಂದ ಬೆಳಗಾವಿಯನ್ನು ದಾಟುವಷ್ಟು ಬೇರನ್ನು ನಾಲ್ಕು ತಿಂಗಳಲ್ಲಿ ನೆಲದೊಳಗೆ ಇಳಿಸಿತ್ತು ಎಂದ ಹಾಗಾಯಿತು.

ಬೇರುರೋಮವೆಂದರೆ ಬೇರಿನ ಹೊರಪದರದ ಒಂದೊಂದು ಜೀವಕೋಶ ಬೆರಳಿನಂತೆ ಹೊರಚಾಚಿಕೊಂಡದ್ದು. ಬೇರಿನ ತುದಿಯ ಸ್ವಲ್ಪ ಹಿಂದೆ, ಎಳೆಯ ಭಾಗದಲ್ಲಿ ಇವು ಹುಟ್ಟುತ್ತವೆ, ಕೆಲವೇ ದಿನ ಬದುಕುತ್ತವೆ. ಬೇರು ಮುಂದೆ ಬೆಳೆದಂತೆ ಹೊಸವು ಹುಟ್ಟಿ ಹಳೆಯವು ಅಳಿಯುತ್ತವೆ. ಒಟ್ಲುಪಾತಿಯಿಂದ ಕಿತ್ತ ಭತ್ತದ ಪೈರು ನಾಟಿಯಾದ ಮೇಲೆ ನಾಲ್ಕಾರು ದಿನ ಮಂಕಾಗಿ ನಿಂತಿರುವುದನ್ನು ನೀವು ನೋಡಿರಬಹುದು. ಕೀಳುವಾಗ ಎಳೆಯ ಬೇರುಗಳೂ ಅವುಗಳ ರೋಮಗಳೂ ಹರಿದುಹೋಗಿರುತ್ತವೆ. ಅವು ಮತ್ತೆ ಚಿಗುರುವ ತನಕ ಪೈರಿಗೆ ಉಪವಾಸ.

ಇಲ್ಲಿಂದ ಮುಂದೆ ನಿಜವಾದ ಸ್ವಾರಸ್ಯ. ಲವಣ ಕರಗಿದ ನೀರು ಬೇರನ್ನು ಮುಟ್ಟಿತು. ಮುಂದೇನು? ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಬೇರು ನೀರನ್ನು ಹೀರುತ್ತದೆ, ನೀರಿನೊಡನೆ ಲವಣಗಳೂ ಸಾಗುತ್ತವೆ ಎಂದು ಬಹುಕಾಲ ತಿಳಿಯಲಾಗಿತ್ತು. ಆದರೆ ಬತ್ತಿಗೆ ಆಯ್ಕೆಯೆಂಬುದಿಲ್ಲ. ಎಣ್ಣೆಯಲ್ಲಿ ಬೆರೆತದ್ದೆಲ್ಲ ಅದರೊಳಗೆ ಹೋದೀತು. ಜಿನೀವಾದ ಡಿ ಸೊಸ್ಯೂರ್ ಎಂಬವನು ಹಲವು ಲವಣಗಳನ್ನು ಕರಗಿಸಿದ ನೀರಿನಲ್ಲಿ ಗಿಡಗಳನ್ನು ಇಟ್ಟು, ನೀರು ಎಷ್ಟು ಕಡಿಮೆಯಾಯಿತು, ಯಾವ ಲವಣ ಎಷ್ಟು ಕಡಿಮೆಯಾಯಿತು ಎಂದು ಅಳೆದು 1804ರಲ್ಲಿ ಪ್ರಕಟಿಸಿದ. ನೀರು ಹೋದ ಪ್ರಮಾಣದಲ್ಲಿ ಲವಣ ಹೋಗಿರಲಿಲ್ಲ. ಒಂದು ಲವಣ ಹೋದಷ್ಟು ಇನ್ನೊಂದು ಹೋಗಿರಲಿಲ್ಲ. ಬೇರು ಆರಿಸಿಕೊಳ್ಳುತ್ತದೆ ಎಂಬುದಕ್ಕೆ ಅದು ಸಾಕ್ಷ್ಯ.

ಇದಕ್ಕಿಂತಲೂ ಬೆರಗಿನ ಸಾಕ್ಷ್ಯ ಸಿಕ್ಕಿದ್ದು ಇಪ್ಪತ್ತನೆಯ ಶತಮಾನದ ಇಪ್ಪತ್ತರ ದಶಕದಲ್ಲಿ, ಕ್ಯಾಲಿಫೋರ್ನಿಯದ ಹೊಗ್ಲೆಂಡ್ ಎಂಬ ವಿಜ್ಞಾನಿಗೆ. ಕೊಳಗಳಲ್ಲಿ ಬೆಳೆಯುವ ನಿಟೆಲ್ಲಾ ಎಂಬ ಪಾಚಿಯ ಜೀವಕೋಶಗಳು ಬರಿಗಣ್ಣಿಗೆ ಕಾಣುವಷ್ಟು ದೊಡ್ಡವು. ಅವುಗಳ ರಸವನ್ನು ಹಿಂಡಿ ಪರೀಕ್ಷಿಸಬಹುದು. ಸುತ್ತಲಿನ ಕೊಳದ ನೀರಿನಲ್ಲಿ ಇದ್ದುದಕ್ಕಿಂತ ಸಾವಿರ ಪಟ್ಟು ಗಾಢವಾಗಿ ಪೊಟ್ಯಾಸಿಯಂ ಆ ರಸದಲ್ಲಿ ತುಂಬಿತ್ತು. ಯಾವ ವಸ್ತುವೂ ತಾನಾಗಿ ಕಡಿಮೆಯಿರುವ ಕಡೆಯಿಂದ ಹೆಚ್ಚಿರುವ ಕಡೆಗೆ ಹರಿಯದು. ನೀರನ್ನು ಬಾವಿಯಿಂದ ಮೇಲಕ್ಕೆ ತರಬೇಕಾದರೆ ಏತ ಹೂಡಬೇಕು, ಏತವನ್ನು ತುಳಿಯಲು ಆಳು ಬೇಕು, ಆಳಿಗೆ ಊಟ ಬೇಕು. ಜೀವಕೋಶದ ಒಳಗೂ ಅಂಥದೊಂದು ಏತ ಇರಲೇಬೇಕು.

ಆ ಏತದ ಸ್ವರೂಪ ಈಗ ಚೆನ್ನಾಗಿ ತಿಳಿದಿದೆ. ಪ್ರತಿಯೊಂದು ಜೀವಕೋಶವನ್ನೂ ಸುತ್ತುವರಿದ ಕೊಬ್ಬಿನ ತೆಳುಪೊರೆಯೊಂದಿದೆ. ವಿದ್ಯುದಂಶ ಹೊತ್ತ ಅಯಾನುಗಳು ಅದನ್ನು ನೇರವಾಗಿ ದಾಟಲಾರವು. ಪೊರೆಯಲ್ಲಿ ಅಲ್ಲಲ್ಲಿ ಪ್ರೋಟೀನುಗಳು ನಾಟಿಕೊಂಡಿವೆ. ಅವುಗಳಲ್ಲಿ ಕೆಲವು ಜಲಜನಕದ ಅಯಾನುಗಳನ್ನು ಒಳಗಿನಿಂದ ಹೊರಕ್ಕೆ ಎಡೆಬಿಡದೆ ಎತ್ತಿಹಾಕುತ್ತಿರುತ್ತವೆ. ಇದೇ ಆ ಏತ. ಇದರಿಂದ ಒಳಗೆ ಋಣ ವಿದ್ಯುತ್ತು ಹೆಚ್ಚುತ್ತದೆ, ಹೊರಗಿನ ಮಣ್ಣು ಆಮ್ಲೀಯವಾಗುತ್ತದೆ. ಹೊರಗೆ ಬಂದ ಜಲಜನಕದ ಅಯಾನುಗಳು ಜೇಡಿಯ ಮೈಗೆ ಅಂಟಿದ ಪೊಟ್ಯಾಸಿಯಂ ಮುಂತಾದವನ್ನು ಎಬ್ಬಿಸಿ ತಾವು ಆ ಜಾಗದಲ್ಲಿ ಕೂರುತ್ತವೆ. ಎದ್ದು ಬಂದ ಪೊಟ್ಯಾಸಿಯಂ ತನಗೆಂದೇ ಇರುವ ಪ್ರೋಟೀನಿನ ಬಾಗಿಲಿನಿಂದ ಒಳಸೆಳೆತಕ್ಕೆ ಸಿಕ್ಕಿ ಕೋಶವನ್ನು ಹೊಗುತ್ತದೆ. ಋಣ ಅಯಾನಾದ ನೈಟ್ರೇಟಿಗೆ ಈ ಸೆಳೆತ ಒದಗದು. ಅದು, ಮರಳಿ ಒಳಬರಲು ತವಕಿಸುವ ಜಲಜನಕದ ಅಯಾನುಗಳ ಕೈಹಿಡಿದು ಮತ್ತೊಂದು ಬಾಗಿಲಿನಿಂದ ಬರುತ್ತದೆ. ಹೀಗೆ ಒಂದೊಂದು ಬಗೆಯ ಅಯಾನಿಗೂ ತಕ್ಕ ಬಾಗಿಲುಗಳಿವೆ.

ಏತದ ಆಳಿಗೆ ಊಟ ಎಲ್ಲಿಂದ? ಎಲೆ ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆ ಕೆಳಗಿಳಿದು ಬೇರನ್ನು ಸೇರುತ್ತದೆ. ಅದನ್ನು ಬೇರು ಆಮ್ಲಜನಕದ ನೆರವಿನಿಂದ ದಹಿಸಿ ಶಕ್ತಿ ಪಡೆಯುತ್ತದೆ. ಅಂದರೆ ಬೇರೂ ಉಸಿರಾಡುತ್ತದೆ. ಮಣ್ಣಿನ ಕಣಗಳ ನಡುವೆ ಇರುವ ಗಾಳಿಯನ್ನು ಉಸಿರಾಡುತ್ತದೆ. ಈ ಒಂದು ಮಾತನ್ನು ಹಿಡಿದರೆ ಹೊಲಗದ್ದೆಗಳ ಎಷ್ಟೋ ಒಗಟುಗಳು ಬಿಡುತ್ತವೆ. ನೀರು ನಿಂತ ಹೊಲದಲ್ಲಿ ಜೋಳ ಹಳದಿಯಾಗುವುದೇಕೆ? ಮಣ್ಣಿನಲ್ಲಿ ಗೊಬ್ಬರವಿದೆ, ನೀರಂತೂ ಬೇಕಾದಷ್ಟಿದೆ. ಆದರೆ ಕಣಗಳ ನಡುವಿನ ಗಾಳಿಯನ್ನು ನೀರು ಹೊರದೂಡಿದೆ. ಬೇರಿಗೆ ಉಸಿರಿಲ್ಲ, ಉಸಿರಿಲ್ಲದೆ ಶಕ್ತಿಯಿಲ್ಲ, ಶಕ್ತಿಯಿಲ್ಲದೆ ಏತ ನಿಂತಿದೆ. ಅನ್ನದ ರಾಶಿಯ ಮುಂದೆ ಕೂತು ಕೈ ಎತ್ತಲಾರದವನ ಹಸಿವು ಅದು. ಅಡಿಕೆ ತೋಟದಲ್ಲಿ ಬಸಿಗಾಲುವೆ ತೆಗೆಯುವುದು ಬೇರಿಗೆ ಗಾಳಿ ಕೊಡುವುದಕ್ಕೆ. ತುಂಗಭದ್ರೆಯ ಕಾಲುವೆಯ ಬಯಲಿನಲ್ಲಿ ಸವಳು ಜವಳಿಗೆ ಸಿಕ್ಕಿದ ಹೊಲಗಳ ದುಃಖದಲ್ಲಿ, ಉಪ್ಪಿನ ಕಾಟದ ಜೊತೆಗೆ ಈ ಉಸಿರುಗಟ್ಟುವಿಕೆಯ ಪಾಲೂ ಇದೆ. ಭತ್ತ ಮಾತ್ರ ಕೆಸರಿನಲ್ಲಿ ಸುಖವಾಗಿರುತ್ತದಲ್ಲ ಎಂದರೆ, ಅದರ ಕಾಂಡದಿಂದ ಬೇರಿನ ತನಕ ಒಳಗೊಳಗೇ ಗಾಳಿಯ ದಾರಿಗಳಿವೆ. ಅದು ಮೇಲಿನಿಂದ ಉಸಿರನ್ನು ಕೆಳಕ್ಕೆ ಇಳಿಸಿಕೊಂಡು ನಿಂತ ಗಿಡ.

ಕೋಶಪೊರೆಯ ಬಾಗಿಲುಗಳನ್ನು ತಪ್ಪಿಸಿ, ಕೋಶಗಳ ನಡುವಿನ ಗೋಡೆಗಳ ಸಂದಿಯಲ್ಲೇ ನೀರು ನುಸುಳಿ ಒಳಗೆ ಹೋದರೆ? ಗಿಡ ಅದಕ್ಕೂ ಏರ್ಪಾಟು ಮಾಡಿಕೊಂಡಿದೆ. ಬೇರಿನ ನಡುವೆ ನೀರ್ನಾಳಗಳ ಒಂದು ಕಂಬವಿದೆ. ಅದರ ಸುತ್ತ ಒಂದೇ ಸಾಲು ಕೋಶಗಳ ಕೋಟೆ. ಆ ಕೋಶಗಳ ಸಂದುಗಳನ್ನು ನೀರು ಹಾಯದ ಪಟ್ಟಿಯೊಂದು, ಕಲ್ಲುಗಳ ನಡುವಣ ಗಾರೆಯಂತೆ, ಬಿಗಿದು ಮುಚ್ಚಿರುತ್ತದೆ. ಜರ್ಮನಿಯ ಕ್ಯಾಸ್ಪರಿ 1865ರ ಸುಮಾರಿಗೆ ವರ್ಣಿಸಿದ ಈ ಪಟ್ಟಿಗೆ ಅವನದೇ ಹೆಸರಿದೆ. ಸಂದಿಯಲ್ಲಿ ಬಂದ ನೀರು ಇಲ್ಲಿ ತಡೆದು ನಿಂತು, ಯಾವುದಾದರೂ ಜೀವಂತ ಪೊರೆಯ ಬಾಗಿಲನ್ನು ದಾಟಿಯೇ ಒಳಹೋಗಬೇಕು. ಅಲ್ಲಿಂದ ಮುಂದೆ ಎಲೆಗಳು ಆವಿ ಬಿಡುವ ಸೆಳೆತಕ್ಕೆ ನೀರು ನಾಳದಲ್ಲಿ ಏರುತ್ತದೆ, ಲವಣಗಳು ಅದರೊಡನೆ ಎಲೆಯನ್ನು ಮುಟ್ಟುತ್ತವೆ.

ಕೊರತೆ ಬಂದಾಗ ಗಿಡ ಏನು ಮಾಡುತ್ತದೆಂಬುದೂ ಮನಸ್ಸಿಗೆ ತಟ್ಟುವಂಥದು. ಸಾರಜನಕ, ಪೊಟ್ಯಾಸಿಯಂ, ಮೆಗ್ನೀಸಿಯಂಗಳನ್ನು ಗಿಡ ಒಂದು ಎಲೆಯಿಂದ ಇನ್ನೊಂದಕ್ಕೆ ಸಾಗಿಸಬಲ್ಲದು. ಇವು ಕಡಿಮೆಯಾದಾಗ ಹಳೆಯ ಎಲೆ ತನ್ನಲ್ಲಿರುವುದನ್ನು ಎಳೆಯದಕ್ಕೆ ಕೊಟ್ಟು ತಾನು ಹಳದಿಯಾಗಿ ಉದುರುತ್ತದೆ. ಕಬ್ಬಿಣ, ಕ್ಯಾಲ್ಸಿಯಂಗಳನ್ನು ಹೀಗೆ ಹಿಂದಕ್ಕೆ ಪಡೆಯುವುದು ಕಷ್ಟ. ಆದ್ದರಿಂದ ಅವುಗಳ ಕೊರತೆ ಮೊದಲು ಚಿಗುರಿನಲ್ಲೇ ಕಾಣುತ್ತದೆ. ಅನುಭವಿ ರೈತ ಯಾವ ಎಲೆ ಮೊದಲು ಬಣ್ಣಗೆಟ್ಟಿತೆಂದು ನೋಡಿಯೇ ಏನು ಸಾಲದೆಂದು ಊಹಿಸಬಲ್ಲ.

ಇಷ್ಟೆಲ್ಲ ಕಾವಲಿದ್ದರೂ ಬೇರು ಮೋಸಹೋಗುವುದುಂಟು. ಬಾಗಿಲು ಅಯಾನಿನ ಆಕಾರವನ್ನು, ವಿದ್ಯುತ್ತನ್ನು ನೋಡುತ್ತದೆಯೇ ಹೊರತು ಅದರ ಗುಣವನ್ನಲ್ಲ. ರಂಜಕದ ವೇಷದಲ್ಲಿ ಅದನ್ನು ಹೋಲುವ ಆರ್ಸೆನಿಕ್ ಒಳಗೆ ನುಗ್ಗುತ್ತದೆ. ನೀರು ನಿಂತ ಗದ್ದೆಯಲ್ಲಿ ಅದೇ ವಿಷ ಇನ್ನೊಂದು ರೂಪ ತಾಳಿ, ಭತ್ತ ತನಗೆ ಬೇಕಾದ ಸಿಲಿಕಾನಿಗೆಂದು ತೆರೆದಿಟ್ಟ ಬಾಗಿಲಿನಿಂದ ಹೋಗುತ್ತದೆಂದು 2008ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು. ಆರ್ಸೆನಿಕ್ ಬೆರೆತ ಅಂತರ್ಜಲದಿಂದ ಗದ್ದೆಗೆ ನೀರುಣಿಸುವ ಪಶ್ಚಿಮ ಬಂಗಾಳ ಮತ್ತು ಬಾಂಗ್ಲಾದೇಶದ ಊರುಗಳಲ್ಲಿ ಇದು ಪುಸ್ತಕದ ವಿಷಯವಲ್ಲ, ತಟ್ಟೆಯ ಮೇಲಿನ ಅನ್ನದ ವಿಷಯ.

ಇನ್ನು, ಬೇರು ತಾನೊಂದೇ ಈ ದುಡಿಮೆಯನ್ನೆಲ್ಲ ಮಾಡುತ್ತದೆಂದು ತಿಳಿಯಬಾರದು. ರಂಜಕದ ಸಂಗತಿ ನೋಡಿ. ಅದು ಮಣ್ಣಿನ ಕಣಗಳಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ನೀರಿನಲ್ಲಿ ಅದು ಸರಿಯುವುದು ದಿನಕ್ಕೆ ಒಂದು ಮಿಲಿಮೀಟರಿನ ಅಲ್ಪಭಾಗ. ಬೇರು ತನ್ನ ಸುತ್ತಲಿನದನ್ನು ಎತ್ತಿಕೊಂಡಿತೆಂದರೆ ಅಲ್ಲೊಂದು ಬರಿದಾದ ವಲಯ ಉಳಿಯುತ್ತದೆ. ಆ ವಲಯದ ಆಚೆಗೆ ಕೈಚಾಚಲು ಗಿಡ ಒಂದು ಶಿಲೀಂಧ್ರದ ಸಖ್ಯ ಮಾಡಿಕೊಂಡಿದೆ. ಕೂದಲಿಗಿಂತ ನವಿರಾದ ಅದರ ಎಳೆಗಳು ಬೇರಿನ ಕೋಶಗಳ ಒಳಗೆ ಒಂದು ತುದಿಯನ್ನು ಊರಿ, ಇನ್ನೊಂದು ತುದಿಯಿಂದ ದೂರದ ಮಣ್ಣನ್ನು ತಡಕಿ ರಂಜಕವನ್ನೂ ಸತುವನ್ನೂ ತಂದು ಕೊಡುತ್ತವೆ. ಪ್ರತಿಫಲವಾಗಿ ಗಿಡ ತನ್ನ ಸಕ್ಕರೆಯಲ್ಲಿ, ಕೆಲವೊಮ್ಮೆ ಐದರಲ್ಲೊಂದು ಪಾಲಿನವರೆಗೂ, ಅದಕ್ಕೆ ಕೊಡುತ್ತದೆ. ಬೇರು ಮತ್ತು ಬೂಷ್ಟಿನ ಇಂಥ ಸಂಬಂಧಕ್ಕೆ 1885ರಲ್ಲಿ ಜರ್ಮನಿಯ ಫ್ರಾಂಕ್ ಮೈಕೊರೈಜ ಎಂದು ಹೆಸರಿಟ್ಟ. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿ ಸಿಕ್ಕಿದ, ನಲವತ್ತು ಕೋಟಿ ವರ್ಷ ಹಳೆಯ ಸಸ್ಯಗಳ ಪಳೆಯುಳಿಕೆಗಳಲ್ಲೂ ಈ ಶಿಲೀಂಧ್ರದ ಗುರುತಿದೆ. ಅಂದಿನ ಆ ಸಸ್ಯಗಳಿಗೆ ನಿಜವಾದ ಬೇರೇ ಇರಲಿಲ್ಲ. ಗೆಳೆಯ ಮೊದಲು ಬಂದ, ಬೇರು ಆಮೇಲೆ ಬಂತು ಎನ್ನಬೇಕು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಿ. ಜೆ. ಭಾಗ್ಯರಾಜ್ ಅವರು ಈ ಶಿಲೀಂಧ್ರಗಳ ಮೇಲೆ ದೀರ್ಘಕಾಲ ದುಡಿದರು. ಮೆಣಸಿನ ಸಸಿಗಳಿಗೆ ಪಾತಿಯಲ್ಲೇ ಇದನ್ನು ಹತ್ತಿಸಿ ಹೊಲಕ್ಕೆ ನಾಟಿಮಾಡಿದರೆ ರಂಜಕದ ಗೊಬ್ಬರದಲ್ಲಿ ಉಳಿತಾಯವಾಗುತ್ತದೆಂದು ಅವರೂ ಅವರ ಸಹೋದ್ಯೋಗಿಯೂ 1982ರಲ್ಲಿ ತೋರಿಸಿಕೊಟ್ಟರು.

ಕಬ್ಬಿಣದ ಕಥೆ ಇನ್ನೊಂದು ಬಗೆಯದು. ಮಣ್ಣಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ. ಆದರೆ ಅದು ತುಕ್ಕಿನ ರೂಪದಲ್ಲಿ ಬೀಗ ಹಾಕಿಕೊಂಡು ಕೂತಿರುತ್ತದೆ. ಸುಣ್ಣದ ಅಂಶ ಹೆಚ್ಚಿರುವ ಎರೆ ನೆಲದಲ್ಲಿ ಆ ಬೀಗ ಇನ್ನೂ ಬಿಗಿ. ಅಲ್ಲಿನ ಶೇಂಗಾ ಬೆಳೆಯ ಚಿಗುರು ಬಿಳಿಚಿಕೊಳ್ಳುವುದು ಅದಕ್ಕೇ. ಶೇಂಗಾದಂಥ ಗಿಡಗಳು ಆಮ್ಲವನ್ನು ಸುರಿದು, ಕಬ್ಬಿಣದ ವಿದ್ಯುತ್ ಸ್ಥಿತಿಯನ್ನು ಬದಲಿಸಿ ಅದನ್ನು ಒಳಗೆ ಎಳೆದುಕೊಳ್ಳಲು ಹೆಣಗುತ್ತವೆ. ಸುಣ್ಣ ಆ ಆಮ್ಲವನ್ನು ಆಗಿಂದಾಗಲೇ ತಣಿಸಿಬಿಡುತ್ತದೆ. ಹುಲ್ಲಿನ ಜಾತಿಯ ಬೆಳೆಗಳ ಉಪಾಯ ಬೇರೆ. ಓಟ್ಸ್ ಮತ್ತು ಭತ್ತದ ಬೇರುಗಳು ಕಬ್ಬಿಣವನ್ನು ತಬ್ಬಿ ಹಿಡಿಯುವ ಪದಾರ್ಥವೊಂದನ್ನು ಹೊರಬಿಡುತ್ತವೆಂದು ಜಪಾನಿನ ತಕಗಿ 1976ರಲ್ಲಿ ವರದಿಮಾಡಿದ. ಆ ಪದಾರ್ಥ ತುಕ್ಕಿನಿಂದ ಕಬ್ಬಿಣವನ್ನು ಬಿಡಿಸಿ ಹಿಡಿಯುತ್ತದೆ. ಬೇರು ಅವೆರಡನ್ನೂ ಒಟ್ಟಿಗೆ ಒಳಗೆ ಬರಮಾಡಿಕೊಳ್ಳುತ್ತದೆ. ಚೀನಾದ ಸುಣ್ಣದ ನೆಲಗಳಲ್ಲಿ ಶೇಂಗಾದ ಸಾಲಿನ ಪಕ್ಕಕ್ಕೆ ಮೆಕ್ಕೆಜೋಳ ಬಿತ್ತಿದಾಗ ಶೇಂಗಾದ ಹಳದಿ ರೋಗ ಕಡಿಮೆಯಾಯಿತೆಂದು 2000ದಲ್ಲಿ ಪ್ರಕಟವಾಯಿತು. ಮೆಕ್ಕೆಜೋಳ ಬಿಡಿಸಿದ ಕಬ್ಬಿಣದಲ್ಲಿ ನೆರೆಯ ಶೇಂಗಾಕ್ಕೂ ಪಾಲು ಸಿಕ್ಕಿತ್ತು. ಅಕ್ಕಡಿ ಬೆಳೆ ಹಾಕುವ ನಮ್ಮ ರೈತರಿಗೆ ಇದು ಹೊಸದೆನಿಸಲಾರದು. ಇಂಥ ನೆರೆಹೊರೆಯ ಲಾಭಗಳನ್ನು ಅವರು ಹೆಸರಿಲ್ಲದೆಯೇ ಬಲ್ಲರು.

ಕೊನೆಗೆ ಸತು. ಹಿಮಾಲಯದ ತಪ್ಪಲಿನ ತರಾಯಿ ಪ್ರದೇಶದ ಗದ್ದೆಗಳಲ್ಲಿ ಭತ್ತದ ಎಲೆಗಳ ಮೇಲೆ ಕಾಚಿನ ಬಣ್ಣದ ಕಂದು ಮಚ್ಚೆಗಳು ಮೂಡಿ ಪೈರು ಕುಗ್ಗುತ್ತಿತ್ತು. ಅಲ್ಲಿಯವರು ಅದನ್ನು ಖೈರಾ ರೋಗವೆಂದರು. ಪಂತನಗರದ ಕೃಷಿ ವಿಶ್ವವಿದ್ಯಾನಿಲಯದ ವೈ. ಎಲ್. ನೆನೆ ಅವರು ಸಸ್ಯರೋಗಗಳ ಪಂಡಿತರು. 1966ರಲ್ಲಿ ಅವರು ಕೊಟ್ಟ ಉತ್ತರದಲ್ಲಿ ರೋಗಾಣುವಿನ ಹೆಸರಿರಲಿಲ್ಲ. ಗಿಡಕ್ಕೆ ಸತು ಸಿಗುತ್ತಿಲ್ಲ ಎಂದರು. ಸತುವಿನ ಸಲ್ಫೇಟನ್ನು ಸುಣ್ಣದೊಡನೆ ಸಿಂಪಡಿಸಿದರೆ ಪೈರು ಚೇತರಿಸಿಕೊಂಡಿತು. ಎಕರೆಗೆ ಬೇಕಾದದ್ದು ಕೆಲವೇ ಕಿಲೋ. ವಾನ್ ಹೆಲ್ಮಾಂಟನ ಎರಡು ಔನ್ಸಿನಲ್ಲಿಯೂ ಸತುವಿನ ಪಾಲು ಧೂಳಿನ ಕಣದಷ್ಟೇ ಇದ್ದೀತು.

ಪೈರಿಗೆ ಇಲ್ಲದ್ದು ಕಾಳಿಗೆ ಬಾರದು, ಕಾಳಿಗೆ ಬಾರದ್ದು ಮನುಷ್ಯನಿಗೆ ಸಿಗದು. ಬಿಹಾರದಲ್ಲಿ ಹುಟ್ಟಿದ ವೈದ್ಯ ಆನಂದ ಪ್ರಸಾದ್ ಅವರು 1958ರಲ್ಲಿ ಇರಾನಿನ ಶಿರಾಜ್ ನಗರದಲ್ಲಿದ್ದಾಗ ಅವರ ಮುಂದೆ ಇಪ್ಪತ್ತೊಂದು ವರ್ಷದ ಯುವಕನೊಬ್ಬನನ್ನು ತಂದರು. ನೋಡಲು ಹತ್ತು ವರ್ಷದ ಹುಡುಗ. ಎತ್ತರವಿಲ್ಲ, ಪ್ರಾಯದ ಲಕ್ಷಣವಿಲ್ಲ, ರಕ್ತವಿಲ್ಲ. ಅವನ ಆಹಾರ ಬರಿಯ ಗೋಧಿ ರೊಟ್ಟಿ. ಅದರ ಜೊತೆಗೆ ಅವನು ದಿನಕ್ಕೆ ಅರ್ಧ ಕಿಲೋದಷ್ಟು ಜೇಡಿಮಣ್ಣು ತಿನ್ನುತ್ತಿದ್ದ. ಅಂಥ ಹಲವರನ್ನು ಪರೀಕ್ಷಿಸಿದ ಪ್ರಸಾದ್, ಕಬ್ಬಿಣದೊಡನೆ ಸತುವಿನ ಕೊರತೆಯೂ ಇದಕ್ಕೆ ಕಾರಣವಿರಬೇಕೆಂದು 1961ರಲ್ಲಿ ಬರೆದರು. ಮುಂದೆ ಈಜಿಪ್ಟಿನಲ್ಲಿ ಮಾಡಿದ ಅಧ್ಯಯನ ಅದನ್ನು ದೃಢಪಡಿಸಿತು. ಮನುಷ್ಯನಿಗೆ ಸತುವಿನ ಕೊರತೆ ಬರುವುದುಂಟೆಂದು ಲೋಕಕ್ಕೆ ತಿಳಿದದ್ದು ಹೀಗೆ.

ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ಆ ಯುವಕ ತಿಂದ ಮಣ್ಣಿನ ಮೇಲೆ. ಮಣ್ಣಿನಲ್ಲಿ ಕಬ್ಬಿಣವೂ ಇರುತ್ತದೆ, ಸತುವೂ ಇರುತ್ತದೆ. ದಿನವೂ ಅರ್ಧ ಕಿಲೋ ತಿಂದರೂ ಅವನ ದೇಹಕ್ಕೆ ಅವು ದಕ್ಕಲಿಲ್ಲ. ಜೇಡಿಯೇ ಹೊಟ್ಟೆಯೊಳಗಿನ ಅಷ್ಟಿಷ್ಟು ಲೋಹಗಳನ್ನೂ ಹಿಡಿದುಕೊಂಡು ಹೊರಗೆ ಒಯ್ಯಿತು. ಮಣ್ಣು ತಿಂದ ಬಾಲಕೃಷ್ಣನ ಬಾಯಲ್ಲಿ ಯಶೋದೆ ಬ್ರಹ್ಮಾಂಡವನ್ನೇ ಕಂಡಳೆಂದು ಭಾಗವತ ಹೇಳುತ್ತದೆ. ದೇವರಿಗೆ ಅದು ಸಾಧ್ಯವಾದೀತು. ನಮಗಾದರೋ ಮಣ್ಣನ್ನು ಅನ್ನವಾಗಿಸುವ ವಿದ್ಯೆ ಇಲ್ಲ. ಆ ವಿದ್ಯೆ ಇರುವುದು ಬೇರಿಗೆ. ನಮ್ಮ ರಕ್ತದ ಕಬ್ಬಿಣ, ಎಲುಬಿನ ಸುಣ್ಣ ಇವೆಲ್ಲ ಬಹುಮಟ್ಟಿಗೆ ಎಂದೋ ಯಾವುದೋ ಬೇರಿನ ಪೊರೆಯ ಬಾಗಿಲನ್ನು ದಾಟಿ ಬಂದವು. ಹಾಲಿನ ಸುಣ್ಣವೂ ಹಾಗೆಯೇ, ಹಸು ಮೇದ ಹುಲ್ಲಿನ ಬೇರಿನಿಂದ.

ಪ್ರತಿ ಸುಗ್ಗಿಯಲ್ಲೂ ಹೊಲದಿಂದ ಗಾಡಿಯೇರಿ ಹೋಗುವ ಮೂಟೆಗಳಲ್ಲಿ ಕೆಲವು ಔನ್ಸುಗಳು ಊರು ಬಿಟ್ಟು ಹೋಗುತ್ತವೆ. ಒಂದು ವರ್ಷಕ್ಕೆ ಅದು ಕಾಣದು. ವಾನ್ ಹೆಲ್ಮಾಂಟನಿಗೆ ಕಾಣದಂತೆಯೇ. ನೂರು ವರ್ಷಕ್ಕೆ ಕಾಣುತ್ತದೆ. ಹಿಂದಿನವರು ಬೇಸಗೆಯಲ್ಲಿ ಕೆರೆಗೋಡು ಹೊಡೆದು ಹೊಲಕ್ಕೆ ಹಾಕುತ್ತಿದ್ದರು. ಮಳೆ ಕೊಚ್ಚಿಕೊಂಡು ಹೋದದ್ದನ್ನು ಕೆರೆ ಹಿಡಿದಿಡುತ್ತಿತ್ತು, ಅವರು ಮರಳಿ ತರುತ್ತಿದ್ದರು. ಮಲೆನಾಡಿನ ಅಡಿಕೆ ಬೆಳೆಗಾರ ಸೊಪ್ಪಿನ ಬೆಟ್ಟದಿಂದ ಸೊಪ್ಪು ತಂದು ತೋಟಕ್ಕೆ ಹರವಿದಾಗ, ಆಳದ ಮಣ್ಣಿನಲ್ಲಿ ಕಾಡಿನ ಬೇರುಗಳು ದುಡಿದು ಗಳಿಸಿದ್ದು ತೋಟದ ಮೇಲ್ಮಣ್ಣಿಗೆ ಬರುತ್ತಿತ್ತು. ಚೀಲದ ಗೊಬ್ಬರದ ನೈಟ್ರೇಟಿಗೂ ಸಗಣಿಯಿಂದ ಹುಟ್ಟಿದ ನೈಟ್ರೇಟಿಗೂ ಬೇರು ಭೇದವೆಣಿಸುವುದಿಲ್ಲ; ಅದಕ್ಕೆ ಎರಡೂ ಒಂದೇ. ಆದರೆ ಚೀಲದಲ್ಲಿ ಬರುವುದು ಹೆಚ್ಚೆಂದರೆ ಮೂರು ನಾಲ್ಕು ಧಾತುಗಳು. ಬೇರಿಗೆ ಬೇಕಾದವು ಹದಿನಾಲ್ಕು. ಅವುಗಳ ಜೊತೆಗೆ ಉಸಿರಾಡಲು ಗಾಳಿ, ಜೊತೆಯಾಗಿ ದುಡಿಯಲು ಶಿಲೀಂಧ್ರ. ಇವನ್ನು ಕೊಡುವುದು ಕೊಳೆತ ಸೊಪ್ಪು, ಸಗಣಿ, ಸಡಿಲವಾದ ನೆಲ. ಎರಡನ್ನೂ ಅರಿತು ಬಳಸುವುದು ಜಾಣತನ. ಯಾವುದು ಎಷ್ಟು ಕಡಿಮೆಯಿದೆ ಎಂದು ಮಣ್ಣನ್ನು ಪರೀಕ್ಷಿಸಿ ಕೇಳದೆ, ಸಿಕ್ಕಿದ್ದನ್ನು ಸುರಿಯುತ್ತ ಹೋಗುವುದು ಉಪ್ಪಿಲ್ಲದ ಸಾರಿಗೆ ಹುಳಿ ಹಿಂಡಿದಂತೆಯೇ.

ಮತ್ತೆ ಅಂಗಳದ ತುಳಸಿಕಟ್ಟೆಗೆ ಬರೋಣ. ಕಟ್ಟೆಯ ಮಣ್ಣು ಕಣ್ಣಿಗೆ ಮೊದಲಿನಷ್ಟೇ ಇದೆ. ಆದರೆ ಅದು ಮೊದಲಿನ ಮಣ್ಣಲ್ಲ. ಪೂಜೆಗೆ ಹೋದ ಒಂದೊಂದು ದಳದೊಡನೆಯೂ ಕೂದಲೆಳೆಯಷ್ಟು ಅದರಿಂದ ಹೋಗಿದೆ. ಗಿಡ ಸೊರಗಿತೆಂದು ನೀರನ್ನಷ್ಟೇ ಹೆಚ್ಚಿಸುವ ನಾವು ಇಂದಿಗೂ ವಾನ್ ಹೆಲ್ಮಾಂಟನ ಶಿಷ್ಯರೇ. ನಾಳೆ ಬೆಳಿಗ್ಗೆ ನೀರೆರೆಯುವ ಮುನ್ನ ಬುಡವನ್ನು ಮೆಲ್ಲಗೆ ಕೆದಕಿ ಸಡಿಲಿಸಿ, ಒಂದು ಹಿಡಿ ಹಳೆಯ ಗೊಬ್ಬರ ಹಾಕಿ. ಅದು ಋಣಸಂದಾಯ. ಆ ಎರಡು ಔನ್ಸ್ ಮಣ್ಣಿನದು.

(ಬಾನುಲಿ ಭಾಷಣ)